ಪಾಲಕರ ಸಹಿ ಇಲ್ಲದ ಹುಲಿ

ನನಗೆ ಇಂಗ್ಲಿಷ್ ಬರುತ್ತದೆ ಎಂದು ನಾನಾಗಿ ಯಾರಿಗೂ ಹೇಳಿರಲಿಲ್ಲ. ಹೇಳಿದವರು ನಮ್ಮ ಕಾಕಾ. ಹೆಬ್ಬಳ್ಳಿಗೆ ಕನ್ಯೆ ನೋಡಲು ಹೋದಾಗ, ಮುಂದೆ ನನ್ನ ಮಾವನವರಾದ ಹಿರಿಯರು ಅವಲಕ್ಕಿಯ ತಾಟು ಮುಂದಿಟ್ಟು, "ಹುಡುಗಗ ಇಂಗ್ಲೀಷ ಬರ್ತೈತೇನ್ರಿ?" ಎಂದು ಕೇಳಿದರು. ಬಾಯಲ್ಲಿದ್ದ ಅವಲಕ್ಕಿ ಗಂಟಲಿಗೆ ಇಳಿಯುವ ಮೊದಲೇ ಕಾಕಾ, "ಇಂಗ್ಲೀಷಿನ್ಯಾಗ ಹುಲಿ ಐತ್ರಿ, ಹುಲಿ!" ಎಂದುಬಿಟ್ಟರು. ನಾನು ನಾಚಿಕೆಯಿಂದ ತಲೆ ತಗ್ಗಿಸಿದೆ. ಅವರು ಅದನ್ನು ವಿನಯ ಎಂದು ತಿಳಿದರು. ಮದುವೆಯಾಗಿ ಹೋಯಿತು!

ಆರು ವರ್ಷ ನಾನು ಯಾವ ತೊಂದರೆಯೂ ಇಲ್ಲದೆ ಹುಲಿಯಾಗಿದ್ದೆ. ನನ್ನ ಹೆಂಡತಿ ಶಾಂತಾ ಮದುವೆಗೆ ಮೊದಲು ಧಾರವಾಡದಲ್ಲಿ ತನ್ನ ಸೋದರತ್ತೆಯ ಮನೆಯಲ್ಲಿದ್ದು ಎರಡು ವರ್ಷ ಇಂಗ್ಲಿಷ್ ಕಲಿತವಳು. ಆದರೆ ಎರಡು ವರ್ಷದ ಇಂಗ್ಲಿಷಿಗೆ ಹುಲಿ ಹೆದರಬೇಕೆ? ಅವಳು ಏನಾದರೂ ಕೇಳಿದರೆ ನಾನು ಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿದು, "ಅದು ನಿನಗ ತಿಳಿಯಂಗಿಲ್ಲ ಬಿಡು" ಎನ್ನುತ್ತಿದ್ದೆ. ಅವಳು ಬಿಡುತ್ತಿದ್ದಳು.

ಕುತ್ತು ಬಂದದ್ದು ಕಚೇರಿಯಿಂದ. ಧಾರವಾಡದ ಒಂದು ಸರಕಾರಿ ಕಚೇರಿಯಲ್ಲಿ ನಾನು ಕ್ಲರ್ಕ್. ರಾಜ್ಯ ಒಂದಾಗಿ ಇನ್ನೂ ಬಹಳ ದಿನವಾಗಿರಲಿಲ್ಲ. ಹೆಡ್ ಕ್ಲರ್ಕ್ ಆಗಬೇಕಾದರೆ ಇಲಾಖೆಯ ಪರೀಕ್ಷೆ ಪಾಸಾಗಬೇಕು, ಅದರಲ್ಲೊಂದು ಇಂಗ್ಲಿಷ್ ಪೇಪರು. ಮೊದಲ ಸಲ ಫೇಲಾದಾಗ ಮನೆಯಲ್ಲಿ, ಫಲಿತಾಂಶ ಬರುವುದು ತಡವಾಗಿದೆ ಎಂದೆ. ಎರಡನೆಯ ಸಲ ಫೇಲಾದಾಗ, ನನ್ನ ಪೇಪರು ಬೆಂಗಳೂರಿನಲ್ಲಿ ಎಲ್ಲೋ ಕಳೆದುಹೋಗಿದೆ ಎಂದೆ. ಇನ್ನು ಉಳಿದದ್ದು ಒಂದೇ ಅವಕಾಶ. ಮೂರನೆಯ ಸಲ ಏನು ಹೇಳುವುದೆಂದು ನನಗೆ ಹೊಳೆಯಲಿಲ್ಲ. ಅದಕ್ಕಿಂತ ಇಂಗ್ಲಿಷ್ ಕಲಿಯುವುದೇ ಸುಲಭ ಎನ್ನಿಸಿತು.

ಮಾಳಮಡ್ಡಿಯಲ್ಲಿ ಹಂಚಿನಮನಿ ಮಾಸ್ತರರು ಎಂಬ ನಿವೃತ್ತ ಹೈಸ್ಕೂಲು ಮಾಸ್ತರರು ತಮ್ಮ ಮನೆಯ ಪಡಸಾಲೆಯಲ್ಲಿ ದಿನಾ ಸಂಜೆ ಆರಕ್ಕೆ ದೊಡ್ಡವರಿಗೆ ಇಂಗ್ಲಿಷ್ ವ್ಯಾಕರಣ ಕಲಿಸುತ್ತಿದ್ದರು. ನಾನು ಹೆಸರು ಹಚ್ಚಿ ಬಂದೆ. ಮನೆಯಲ್ಲಿ ಶಾಂತಾ, "ದಿನಾ ಸಂಜಿಗೆ ಎಲ್ಲಿಗೆ ಹೋಗಾಕತ್ತೀರಿ?" ಎಂದಾಗ, ನನ್ನ ನಾಲಿಗೆ ನನ್ನನ್ನು ಕೇಳದೆಯೇ, "ಇಂಗ್ಲೀಷ ಕ್ಲಾಸ್ ಐತಿ. ಕಲಸಾಕ ಹೋಗಾಕತ್ತೇನಿ" ಎಂದಿತು.

"ಕಲಿಯಾಕ" ಎನ್ನಬೇಕಾದಲ್ಲಿ "ಕಲಸಾಕ"! ಬಾಯಿ ತಪ್ಪಿ ಬಂದದ್ದಲ್ಲ, ಬೇಕೆಂದೇ ಹೇಳಿದ್ದು. ಹುಲಿ ಹುಲ್ಲು ತಿನ್ನಲು ಹೋಗುತ್ತಿದೆ ಎಂದು ಹೆಂಡತಿಯ ಮುಂದೆ ಯಾವ ಬಾಯಿಂದ ಹೇಳುವುದು?

ಪಾಪ, ಅವಳು ಹಿಗ್ಗಿ ಹೀರೆಕಾಯಿಯಾದಳು. ಮರುದಿನದಿಂದ ನನ್ನ ಅಂಗಿಗೆ ಇಸ್ತ್ರಿ ಬಿತ್ತು. ಕಲಿಸುವವರ ಗಂಟಲು ಒಣಗುತ್ತದೆ ಎಂದು, ನಾನು ಕ್ಲಾಸಿನಿಂದ ಬರುವ ಹೊತ್ತಿಗೆ ಮೆಣಸಿನ ಪುಡಿ ಹಾಕಿದ ಬಿಸಿ ಹಾಲು ಸಿದ್ಧವಾಗಿರುತ್ತಿತ್ತು. ಒಂದು ಗಂಟೆ ಬಾಯಿ ಮುಚ್ಚಿಕೊಂಡು ಕೂತು ಬಂದ ನಾನು, ಎರಡು ಸಲ ಕೆಮ್ಮಿ, ಆ ಹಾಲು ಕುಡಿಯುತ್ತಿದ್ದೆ. ಅವಳು ಹೆಬ್ಬಳ್ಳಿಗೆ ಕಾಗದವನ್ನೂ ಬರೆದಳು.

ಇತ್ತ ಕ್ಲಾಸಿನ ಕಥೆ ಬೇರೆ. ಮೊದಲ ದಿನವೇ ಮಾಸ್ತರರು ಗೋಡೆಗೆ ತೂಗುಹಾಕಿದ ರಟ್ಟನ್ನು ಕೋಲಿನಿಂದ ತೋರಿಸಿ ನಿಯಮಗಳನ್ನು ಓದಿದರು. ಆರು ಹೊಡೆದ ಮೇಲೆ ಬಾಗಿಲಿಗೆ ಅಗಳಿ. ಚಪ್ಪಲಿಯ ಜತೆಗೆ ಕನ್ನಡವನ್ನೂ ಹೊಸ್ತಿಲ ಹೊರಗೆ ಬಿಟ್ಟು ಬರಬೇಕು. ಮೂರು ಸಲ ಗೈರಾದರೆ ಹೆಸರು ಹೊಡೆದು ಹಾಕುವುದು. ಇಷ್ಟು ಸರಿ. ಕೊನೆಯದನ್ನು ಓದಿದಾಗ ನಾವು ಹನ್ನೊಂದು ಜನ ಗಂಡಸರೂ ಒಬ್ಬರ ಮುಖ ಒಬ್ಬರು ನೋಡಿದೆವು. ಮನೆಯ ಅಭ್ಯಾಸದ ವಹಿಗೆ ದಿನಾ ಪಾಲಕರ ಸಹಿ ಆಗಿರಬೇಕು. ಇಲ್ಲದಿದ್ದವರು ಬೆಂಚಿನ ಮೇಲೆ ನಿಲ್ಲಬೇಕು!

ನನ್ನ ಪಕ್ಕದಲ್ಲಿ ಕೂತಿದ್ದವರು ಒಬ್ಬ ಪೊಲೀಸ್ ಹವಾಲ್ದಾರರು. ಅವರ ಮೀಸೆಗೇ ಅರ್ಧ ಊರು ಹೆದರುತ್ತಿತ್ತು. ಅವರು ಎದ್ದು ನಿಂತು, "ಸರ್, ನನಗ ನಲವತ್ತ ವರ್ಷರಿ. ನನಗ ಎಲ್ಲಿ ಪಾಲಕರ್ರಿ?" ಎಂದರು.

"ಮನ್ಯಾಗ ಯಾರಿದ್ದಾರ?"

"ನಮ್ಮವ್ವ ಅದಾಳ್ರಿ. ಓದಾಕ ಬರೂದಿಲ್ಲ."

"ಹೆಬ್ಬಟ್ಟ ಒತ್ತಲಿ. ಮೂವತ್ತ ವರ್ಷ ಈ ನಿಯಮ ನಡಸೇನಿ. ನಿಮ್ಮ ಮೀಸಿ ನೋಡಿ ಬದಲು ಮಾಡಂಗಿಲ್ಲ. ಮತ್ತ ಈಗ ಕನ್ನಡ ಮಾತಾಡಿದ್ರಿ. ಬೆಂಚ್ ಹತ್ತ್ರಿ!"

ಮಾಸ್ತರರು ತಾವೂ ಕನ್ನಡದಲ್ಲೇ ಮಾತಾಡಿದ್ದರು. ಅದನ್ನು ಹೇಳುವ ಧೈರ್ಯ ಯಾರಿಗೂ ಆಗಲಿಲ್ಲ. ಹವಾಲ್ದಾರರು ಬೆಂಚು ಹತ್ತಿದರು.

ನನ್ನ ಗತಿ ಹವಾಲ್ದಾರರಿಗಿಂತ ಕಠಿಣ. ಅವರಿಗೆ ಅವ್ವನಾದರೂ ಇದ್ದಳು. ಕಲಿಸಲು ಹೋಗುವ ಗಂಡನ ವಹಿಗೆ ಹೆಂಡತಿಯ ಸಹಿ ಕೇಳುವುದು ಹೇಗೆ? ರಾತ್ರಿಯಿಡೀ ಯೋಚಿಸಿದ ನನ್ನ ಬುದ್ಧಿಗೆ ಒಂದು ಅದ್ಭುತ ಉಪಾಯ ಹೊಳೆಯಿತು. ನಮ್ಮ ಕಚೇರಿಯ ಸಿಪಾಯಿ ಇಮಾಮಸಾಬ. ವಯಸ್ಸಿನಲ್ಲಿ ನನಗಿಂತ ಇಪ್ಪತ್ತು ವರ್ಷ ಹಿರಿಯ, ಗಡ್ಡ ನೆರೆತ ಗಂಭೀರ ಮನುಷ್ಯ. ಸಹಿ ಮಾಡಲು ಬರುತ್ತದೆ, ಉರ್ದುವಿನಲ್ಲಿ. ಮರುದಿನ ಅವನನ್ನು ಹಳೆಯ ಕಡತಗಳಿಡುವ ದಫ್ತರದ ಕೋಣೆಗೆ ಕರೆದು ಗುಟ್ಟು ಹೇಳಿದೆ.

ಇಮಾಮಸಾಬ ಗಡ್ಡ ನೀವಿಕೊಂಡ. "ಸಹಿ ಮಾಡ್ತೇನ್ರಿ ಸಾಹೇಬ್ರ. ಆದ್ರ ಪಾಲಕ ಅಂದ್ರ ಬರೇ ಸಹಿ ಅಲ್ರಿ. ಜವಾಬ್ದಾರಿ ಐತಿ."

"ಏನೂ ಇಲ್ಲೋ ಮಾರಾಯಾ. ಇಲ್ಲೊಂದು ಗೀಟ ಎಳಿ ಸಾಕು."

ಮೊದಲ ದಿನ ಎಳೆದ. ಎರಡನೆಯ ದಿನ ವಹಿಯನ್ನು ಕೈಯಲ್ಲಿ ಹಿಡಿದು, "ಬಾಯಿಲೆ ಒಮ್ಮೆ ಹೇಳ್ರಿ" ಎಂದ.

"ನಿನಗ ಇಂಗ್ಲೀಷ ಬರೂದಿಲ್ಲಲ್ಲೋ!"

"ಬರೂದಿಲ್ರಿ. ಆದ್ರ ನಾಕ ಮಕ್ಕಳ್ನ ಸಾಲಿಗೆ ಕಳಿಸೇನಿ. ಓದ್ಯಾರೋ ಇಲ್ಲೋ ಮಾರಿ ನೋಡಿದ್ರ ತಿಳೀತೈತಿ."

ನಾನು ಹೇಳಿದೆ. ಎರಡು ಕಡೆ ತೊದಲಿದೆ. ಇಮಾಮಸಾಬ ವಹಿ ಮುಚ್ಚಿ, "ಮಧ್ಯಾಹ್ನ ಮತ್ತ ಕೇಳ್ತೇನ್ರಿ" ಎಂದು ಹೊರಟುಹೋದ. ಅಂದಿನಿಂದ ನನ್ನ ಚಹಾ ನಿಂತಿತು. ಎಲ್ಲರ ಮೇಜಿಗೂ ಬರುವ ಚಹಾ ನನ್ನ ಮೇಜಿಗೆ ಪಾಠ ಒಪ್ಪಿಸಿದ ಮೇಲೆಯೇ ಬರುತ್ತಿತ್ತು. ಪಕ್ಕದ ಮೇಜಿನವರ ಜತೆ ಹರಟೆಗೆ ಕೂತರೆ ಬಾಗಿಲಲ್ಲಿ ಒಂದು ಕೆಮ್ಮು ಕೇಳುತ್ತಿತ್ತು. ಒಮ್ಮೆ ಸಾಹೇಬರು ನನ್ನನ್ನು ಕರೆಸಿದಾಗ, "ಅಭ್ಯಾಸ ಮಾಡಾಕತ್ತಾರ್ರಿ, ಹತ್ತ ಮಿನಿಟ ತಡೀರಿ" ಎಂದು ಸಾಹೇಬರಿಗೇ ಹೇಳಿ ಕಳಿಸಿದ! ಇಡೀ ಸರಕಾರದಲ್ಲಿ ತನ್ನ ಸಿಪಾಯಿಗೆ ಹೆದರಿ ಕ್ರಿಯಾಪದ ಬಾಯಿಪಾಠ ಮಾಡಿದ ಕ್ಲರ್ಕ್ ನಾನೊಬ್ಬನೇ ಇರಬೇಕು.

ಆದರೂ ಹೇಗೋ ಎರಡು ತಿಂಗಳು ಸಾಗಿತು. ಹೀಗಿರುವಾಗ ಒಂದು ದಿನ ಬೆಳಿಗ್ಗೆ ಮಾವನವರು ಬಂದಿಳಿದರು. ತಲೆಗೆ ದೊಡ್ಡ ರುಮಾಲು, ಕೈಯಲ್ಲಿ ಸೀತನಿಯ ಗಂಟು. ಎಳೆಯ ಜೋಳದ ತೆನೆ ಸುಟ್ಟು, ತಿಕ್ಕಿ, ಮಗಳಿಗೆಂದು ಕಟ್ಟಿಕೊಂಡು ಬಂದಿದ್ದರು. ಕೂತು ನೀರು ಕುಡಿಯುವ ಮೊದಲೇ ಹೇಳಿದರು.

"ಅಳಿಯಂದ್ರ, ನೀವು ಕಲಸೂದು ನೋಡಿ ಹೋಗಬೇಕಂತ ಬಂದೇನಿ."

ಗಂಟು ಬಿಚ್ಚಿ ನಾನು ಆಗಲೇ ಬಾಯಿಗೆ ಹಾಕಿಕೊಂಡಿದ್ದ ಸೀತನಿ ಅಲ್ಲೇ ನಿಂತಿತು. "ಅಲ್ಲಿ ನಿಯಮ ಭಾಳ ಬಿಗಿ ಐತ್ರಿ ಮಾವಾರ. ಹೊರಗಿನವ್ರನ್ನ ಒಳಗ ಬಿಡೂದಿಲ್ಲ."

"ಒಳಗ ಯಾಕ? ಕಿಡಕ್ಯಾಗ ನಿಂತು ನೋಡಿದ್ರಾತು. ಶಾಂತಾ ಕರಕೊಂಡ ಬರ್ತಾಳ."

ಶಾಂತಾ ಆಗಲೇ ಯಾವ ಸೀರೆ ಉಡಬೇಕೆಂದು ಯೋಚಿಸುತ್ತಿದ್ದಳು. ಗೈರಾಗೋಣವೆಂದರೆ, ಶೀತ ಜ್ವರದ ನೆವದಲ್ಲಿ ಎರಡು ಗೈರು ಆಗಲೇ ಮುಗಿಸಿದ್ದೆ. ಮೂರನೆಯದಾದರೆ ಹೆಸರು ಹೋಗುತ್ತದೆ, ಹೆಸರಿನೊಡನೆ ಪರೀಕ್ಷೆ, ಪರೀಕ್ಷೆಯೊಡನೆ ಹೆಡ್ ಕ್ಲರ್ಕಿನ ಕುರ್ಚಿ. ಹೋದರೆ ಮಾನ ಹೋಗುತ್ತದೆ. ಅತ್ತ ದರಿ, ಇತ್ತ ಪುಲಿ, ನಡುವೆ ನಾನೆಂಬ ಇನ್ನೊಂದು ಹುಲಿ!

ಆ ಗಾಬರಿಯಲ್ಲಿ ಕಚೇರಿಯಲ್ಲಿ ಪಾಠ ಒಪ್ಪಿಸಲು ನನಗೆ ಒಂದು ಶಬ್ದವೂ ನೆನಪಾಗಲಿಲ್ಲ. ಇಮಾಮಸಾಬ ವಹಿ ಮುಚ್ಚಿ ಕೈಗೆ ಕೊಟ್ಟ. ಕಾಲು ಹಿಡಿಯುವುದೊಂದು ಬಾಕಿ, ಎಲ್ಲ ಮಾಡಿದೆ.

"ಇವತ್ತೊಂದಿನ ಮಾಡೋ. ನಮ್ಮ ಮಾವ ಬಂದಾರ!"

"ಸುಳ್ಳ ಸಹಿ ಮಾಡಂಗಿಲ್ರಿ ಸಾಹೇಬ್ರ. ನಿಮ್ಮ ಒಳ್ಳೇದಕ್ಕ ಹೇಳಾಕತ್ತೇನಿ."

ಅವನು ಮಾಡದಿದ್ದರೇನು? ಎರಡು ತಿಂಗಳಿನಿಂದ ನೋಡಿದ ಸಹಿ. ಒಂದು ಕೊಕ್ಕೆ, ಎರಡು ಚುಕ್ಕೆ, ಕೊನೆಗೊಂದು ಉದ್ದನೆಯ ಬಾಲ. ದಫ್ತರದ ಕೋಣೆಯಲ್ಲಿ ಕೂತು, ಮಸಿಯಲ್ಲಿ ಲೇಖನಿ ಅದ್ದಿ, ಆರಾಮಾಗಿ ಬರೆದೆ. ಹಾಳೆಯನ್ನು ದೂರ ಹಿಡಿದು ನೋಡಿದರೆ ಇಮಾಮಸಾಬನೇ ಮೆಚ್ಚುವಂತಿತ್ತು.

ಸಂಜೆ ಮಾಸ್ತರರು ವಹಿ ತೆರೆದರು. ಕನ್ನಡಕ ಏರಿಸಿದರು. ಹಿಂದಿನ ಹಾಳೆ ನೋಡಿದರು, ಮುಂದಿನ ಹಾಳೆ ನೋಡಿದರು. ತಮ್ಮ ನಿಯಮವನ್ನು ತಾವೇ ಮುರಿದು ಕನ್ನಡದಲ್ಲಿ ಕೇಳಿದರು.

"ನಿಮ್ಮ ಪಾಲಕರು ದಿನಾ ಬಲದಿಂದ ಎಡಕ್ಕ ಬರೀತಾರ. ಬಾಲ ಎಡಕ್ಕ ಬರ್ತದ. ಇವತ್ತ ಬಾಲ ಬಲಕ್ಕ ಬಂದದ. ಪಾಲಕರು ತಲೀ ಕೆಳಗ ಮಾಡಿ ನಿಂತು ಬರದ್ರೇನು?"

ಉರ್ದುವನ್ನು ಬಲದಿಂದ ಬರೆಯುತ್ತಾರೆ ಎಂಬುದು ನನಗೆ ಗೊತ್ತಿರಲಿಲ್ಲವೆಂದಲ್ಲ. ಬರೆಯುವಾಗ ಕೈಗೆ ನೆನಪಾಗಲಿಲ್ಲ. ನಾನು ಬೆಂಚು ಹತ್ತಿದೆ.

ಮಾಸ್ತರರು ಅಷ್ಟಕ್ಕೇ ಬಿಡುವವರಲ್ಲ. ನನ್ನ ತಪ್ಪನ್ನೇ ಅಂದಿನ ಪಾಠ ಮಾಡಿದರು. ನಾನು ಮೇಲಿನಿಂದ ಗಟ್ಟಿಯಾಗಿ ಹೇಳಬೇಕು, ಕೆಳಗೆ ಕೂತವರೆಲ್ಲ ನನ್ನ ಹಿಂದೆ ಹೇಳಬೇಕು. ನಾನು ಸುಳ್ಳು ಹೇಳುತ್ತೇನೆ, ಸುಳ್ಳು ಹೇಳಿದೆ, ಸುಳ್ಳು ಹೇಳಿದ್ದೇನೆ. ಕ್ರಿಯಾಪದದ ಮೂರೂ ರೂಪಗಳಲ್ಲಿ, ಇಂಗ್ಲಿಷಿನಲ್ಲಿ!

"ಐ ಟೆಲ್ ಎ ಲೈ!" ಎಂದೆ.

"ಐ ಟೆಲ್ ಎ ಲೈ!" ಎಂದಿತು ಕ್ಲಾಸು. ಎಲ್ಲರಿಗಿಂತ ಹವಾಲ್ದಾರರ ಧ್ವನಿಯೇ ದೊಡ್ಡದು.

"ಐ ಟೋಲ್ಡ್ ಎ ಲೈ!" ಎನ್ನುವಾಗ ಕಿಟಕಿಯಲ್ಲಿ ಮೊದಲು ರುಮಾಲು ಕಂಡಿತು. ಅದರ ಕೆಳಗೆ ಮಾವನವರ ಮುಖ ಮೂಡಿತು. ಪಕ್ಕದಲ್ಲಿ ಶಾಂತಾ, ಜರಿಯಂಚಿನ ಸೀರೆಯುಟ್ಟು. ಭೂಮಿ ಬಾಯಿಬಿಡಬಾರದೆ ಎಂದುಕೊಂಡೆ. ಭೂಮಿಯೋ ಬೆಂಚಿನಿಂದ ಎರಡು ಅಡಿ ಕೆಳಗಿತ್ತು.

ನಾನು ಸುಮ್ಮನಾದದ್ದನ್ನು ಕಂಡು ಮಾವನವರು ಕಿಟಕಿಯಿಂದಲೇ ಕೈ ಎತ್ತಿದರು. "ನಿಲ್ಲಸಬ್ಯಾಡ್ರಿ ಅಳಿಯಂದ್ರ! ನಮ್ಮ ಸಲುವಾಗಿ ನಿಲ್ಲಸಬ್ಯಾಡ್ರಿ. ನಡೀಲಿ, ನಡೀಲಿ!"

ನನಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಅವರ ಕಣ್ಣಿನಿಂದ ಆ ಕೋಣೆಯನ್ನು ನೋಡಿದೆ. ಎಲ್ಲರೂ ಕೂತಿದ್ದಾರೆ. ಮುದುಕರೊಬ್ಬರು ಕುರ್ಚಿಯಲ್ಲಿ ಕೂತು ಕಿವಿಗೊಟ್ಟಿದ್ದಾರೆ. ನಿಂತವನು ನಾನೊಬ್ಬನೇ, ಅದೂ ಎಲ್ಲರಿಗೂ ಕಾಣುವಷ್ಟು ಎತ್ತರದಲ್ಲಿ. ನಾನು ಇಂಗ್ಲಿಷಿನಲ್ಲಿ ಒಂದು ಹೇಳಿದರೆ ಪೊಲೀಸ್ ಹವಾಲ್ದಾರನೂ ಬಾಯಿಬಿಟ್ಟು ಅದನ್ನೇ ಹೇಳುತ್ತಾನೆ. ಇದಕ್ಕಿಂತ ಕಲಿಸುವುದು ಇನ್ನು ಹೇಗಿರುತ್ತದೆ?

ಮಾಸ್ತರರು ಕಿಟಕಿಯ ಕಡೆ ನೋಡಿದರು, ನನ್ನನ್ನು ನೋಡಿದರು. ಅವರಿಗೂ ಅಳಿಯಂದಿರು ಇದ್ದರೆಂದು ಕಾಣುತ್ತದೆ. "ಕಂಟಿನ್ಯೂ" ಎಂದರು.

"ಐ ಹ್ಯಾವ್ ಟೋಲ್ಡ್ ಎ ಲೈ!" ಎಂದು ಕೂಗಿದೆ. ಮಾವನವರ ಕಣ್ಣಲ್ಲಿ ನೀರು ಬಂತು.

ಆದರೆ ಶಾಂತಾ ಎರಡು ವರ್ಷ ಇಂಗ್ಲಿಷ್ ಕಲಿತವಳು. ಅವಳು ನನ್ನನ್ನು ನೋಡಿದಳು, ಬೆಂಚನ್ನು ನೋಡಿದಳು, ಸೆರಗನ್ನು ಬಾಯಿಗೆ ಒತ್ತಿಕೊಂಡು ಅಪ್ಪನನ್ನು ಕರೆದುಕೊಂಡು ಹೋದಳು.

ಮನೆಗೆ ಬಂದರೆ ಮಾವನವರು ಕೈಹಿಡಿದು ಕೂರಿಸಿದರು. "ನಿಮ್ಮ ಕಾಕಾ ಹೇಳಿದ್ದು ಖರೇರಿ. ಹುಲಿ ಅದೀರಿ!" ಎಂದರು. ಶಾಂತಾ ಮೆಣಸಿನ ಹಾಲು ತಂದು ಮುಂದಿಟ್ಟಳು. "ಗಂಟಲಾ ಭಾಳ ನೋಯಾಕತ್ತಿರಬೇಕು. ಕುಡೀರಿ." ಅವಳು ಬೈದಿದ್ದರೆ ಚೆನ್ನಾಗಿತ್ತು. ಬೆಂಚಿನ ಮೇಲೆ ಆಗದ ನಾಚಿಕೆ ನನಗೆ ಆ ಹಾಲಿನ ಮುಂದೆ ಆಯಿತು. ಎರಡು ತಿಂಗಳು ಅವಳು ಕಾಸಿ ಕೊಟ್ಟ ಹಾಲೆಲ್ಲ ಒಮ್ಮೆಲೇ ನೆನಪಾಗಿ ಕಣ್ಣು ತುಂಬಿ ಬಂತು. ಮಾವನವರು, "ಮೆಣಸು ಹೆಚ್ಚಾಗೈತೇನ?" ಎಂದರು.

ಅವರು ಮರುದಿನ ಊರಿಗೆ ಹೊರಟ ಮೇಲೆ ಶಾಂತಾ ಕೈ ಚಾಚಿದಳು. "ವಹಿ ತಗೊಂಡ ಬರ್ರಿ."

ತಂದು ಕೊಟ್ಟೆ. ಹಿಂದಿನ ಹಾಳೆಗಳನ್ನೆಲ್ಲ ಮಗುಚಿದಳು. "ಈ ಸಹಿ ಯಾರದು?"

ಎಲ್ಲ ಹೇಳಿದೆ, ಕಳೆದುಹೋದ ಪೇಪರಿನ ಕಥೆಯನ್ನೂ ಸೇರಿಸಿ. ಅವಳು ನಗಲಿಲ್ಲ. "ನನಗ ಹೇಳಿದ್ರ ನಾ ಏನ್ ಹುಲಿನ ಬೇಕು ಅಂತಿದ್ನ್ಯಾ? ನನಗ ಬೇಕಾಗಿದ್ದು ಮನಷ್ಯಾರಿ" ಎಂದು, ಪಾಠ ಒಪ್ಪಿಸಿಕೊಂಡು, ಕೆಳಗೆ ಮುದ್ದಾದ ಅಕ್ಷರದಲ್ಲಿ ಸಹಿ ಮಾಡಿದಳು. ಕಚೇರಿಯಲ್ಲಿ ಇಮಾಮಸಾಬನಿಗೆ ಆ ಸಹಿ ತೋರಿಸಿದಾಗ ಅವನು ನಿಟ್ಟುಸಿರು ಬಿಟ್ಟು, "ಪಾಲಕರ ಚಾರ್ಜ್ ಅವ್ರಿಗೆ ಕೊಟ್ಟೇನ್ರಿ" ಎಂದ. ಆದರೆ ಚಹಾದ ನಿಯಮ ಮಾತ್ರ ಅವರಿಬ್ಬರ ಒಪ್ಪಿಗೆಯ ಮೇಲೆ ಪರೀಕ್ಷೆ ಮುಗಿಯುವವರೆಗೂ ನಡೆಯಿತು.

ಮೂರನೆಯ ಸಲ ನಾನು ಪಾಸಾದೆ. ಹೆಡ್ ಕ್ಲರ್ಕೂ ಆದೆ. ಹೆಬ್ಬಳ್ಳಿಯಲ್ಲಿ ಮಾವನವರು ಕೊನೆಯವರೆಗೂ ಹತ್ತು ಜನರ ಮುಂದೆ, "ಬ್ಯಾರೇ ಮಾಸ್ತರು ನೆಲದ ಮ್ಯಾಲ ನಿಂತು ಕಲಸ್ತಾರ. ನಮ್ಮ ಅಳಿಯಂದ್ರು ಹಂಗಲ್ಲ!" ಎನ್ನುತ್ತಿದ್ದರು. ಆ ಸುಳ್ಳನ್ನು ತಿದ್ದಲು ನಾನೂ ಹೋಗಲಿಲ್ಲ, ಅವರ ಮಗಳೂ ಹೋಗಲಿಲ್ಲ.

ಮನೆಯ ಮಾತು ಬೇರೆ. ಇಂದಿಗೂ ಬಂದವರೆದುರು ನಾನು ನನ್ನ ಇಂಗ್ಲಿಷಿನ ಬಗ್ಗೆ ದನಿ ಏರಿಸಿದರೆ ಶಾಂತಾ ಎದುರಾಡುವುದಿಲ್ಲ. ಮೂಲೆಯಲ್ಲಿದ್ದ ಮರದ ಸ್ಟೂಲನ್ನು ಕಾಲಿನಿಂದ ಮೆಲ್ಲಗೆ ನನ್ನ ಮುಂದೆ ಸರಿಸುತ್ತಾಳೆ. ಬಂದವರು, ಕೂರಲಿ ಎಂದು ಇಟ್ಟಿದ್ದಾಳೆಂದು ತಿಳಿಯುತ್ತಾರೆ. ಅದು ಕೂರಲು ಅಲ್ಲವೆಂದು ನನಗೆ ಗೊತ್ತು. ಸುಮ್ಮನಾಗುತ್ತೇನೆ.