ಕಲ್ಲಚ್ಚಿನ ದೆವ್ವಗಳು

ಹಿತ್ತಾಳೆ ಪಾತ್ರೆಗಳನ್ನು ಅಟ್ಟದ ಮೇಲೆ ಪೇರಿಸಿಟ್ಟವನನ್ನು ನಮ್ಮ ಊರಿನಲ್ಲಿ ಅನುಕೂಲಸ್ಥ ಎನ್ನುತ್ತಾರೆ. ಹಳೆಯ ಗಡಿಯಾರಗಳನ್ನು ಕೂಡಿಟ್ಟವನನ್ನು ರಸಿಕ ಎನ್ನುತ್ತಾರೆ, ಅವುಗಳಲ್ಲಿ ಒಂದೂ ನಡೆಯದಿದ್ದರೂ. ಹಳೆಯ ಪುಸ್ತಕ ಕೂಡಿಟ್ಟವನಿಗೆ ಮಾತ್ರ ಅಂಥ ಮರ್ಯಾದೆ ಇಲ್ಲ. ಅದರಲ್ಲೂ ಆ ಪುಸ್ತಕಗಳು ದೆವ್ವ, ಭೂತ, ಮಾಟ, ಮಂತ್ರಗಳವಾದರೆ ಅವನ ಗತಿ ಕೇಳುವುದೇ ಬೇಡ. ಕೇಳುವವರು ಯಾರೂ ಇಲ್ಲದ್ದರಿಂದ ನಾನೇ ಹೇಳಿಬಿಡುತ್ತೇನೆ.

ಮೊದಲಿಗೇ ಒಂದು ಮಾತು. ನನಗೆ ದೆವ್ವದಲ್ಲಿ ನಂಬಿಕೆಯಿಲ್ಲ. ಶಿಕಾರಿಪುರದ ಪೇಟೆಯಲ್ಲಿ ಜವಳಿ ಅಂಗಡಿ ಇಟ್ಟುಕೊಂಡವನು ನಾನು. ಕಪಾಟಿನ ಸೀರೆಗಳನ್ನೆಲ್ಲ ಬಿಚ್ಚಿಸಿ, ಸೆರಗು ಹಿಡಿದೆಳೆದು, ಬಣ್ಣ ಹೋಗುತ್ತದೆಯೇ ಎಂದು ಒದ್ದೆ ಬೆರಳಿನಿಂದ ಉಜ್ಜಿ, ಕೊನೆಗೆ 'ನಾಳೆ ಬರ್ತೀನಿ' ಎಂದು ಎದ್ದು ಹೋಗುವವರನ್ನು ದಿನವೂ ಕಾಣುವವನನ್ನು ಯಾವ ದೆವ್ವ ತಾನೇ ಹೆದರಿಸೀತು? ನನಗೆ ಬೇಕಾದದ್ದು ದೆವ್ವವಲ್ಲ, ದೆವ್ವದ ಪುಸ್ತಕ. ಈ ಎರಡಕ್ಕೂ ಇರುವ ವ್ಯತ್ಯಾಸವನ್ನು ತಾಲ್ಲೂಕಿನಲ್ಲಿ ಒಬ್ಬನಿಗಾದರೂ ತಿಳಿಸಲು ನನ್ನಿಂದ ಆಗಲಿಲ್ಲ.

ಈ ಹುಚ್ಚು ಹತ್ತಿದ್ದು ಒಂದು ಹುರಿಗಡಲೆ ಪೊಟ್ಟಣದಿಂದ. ಕಡಲೆ ಮುಗಿದ ಮೇಲೆ ಕಾಗದ ಬಿಡಿಸಿ ನೋಡಿದರೆ ಅದು ಕಲ್ಲಚ್ಚಿನ ಪುಟ. ಕಲ್ಲಿನ ಮೇಲೆ ಕೈಬರಹ ಮೂಡಿಸಿ ಅಚ್ಚು ತೆಗೆಯುತ್ತಿದ್ದ ಅಜ್ಜಂದಿರ ಕಾಲದ್ದು. ಅಕ್ಷರಗಳು ಮುತ್ತು ಪೋಣಿಸಿದಂತಿದ್ದವು. ಬಾವಿಯೊಳಗಿನಿಂದ ಒಂದು ಕೈ ಮೇಲೆ ಬಂದು, ನೀರು ಸೇದುತ್ತಿದ್ದವಳ ಕೊಡ ಹಿಡಿದು, 'ಎಲೈ ತಾಯೇ' ಎನ್ನುವಲ್ಲಿಗೆ ಪುಟ ಮುಗಿದಿತ್ತು. ಆ ಕೈ ಏನು ಕೇಳಿತೆಂದು ತಿಳಿಯಲು ಕಿರಾಣಿ ಅಂಗಡಿಗೆ ಓಡಿದೆ. ಅಂಗಡಿಯವನು ಉಳಿದ ಪುಟಗಳಲ್ಲಿ ಜೀರಿಗೆ, ಸಾಸಿವೆ ಕಟ್ಟಿ ಆಗಲೇ ಅರ್ಧ ಊರಿಗೆ ಹಂಚಿಬಿಟ್ಟಿದ್ದ. ಆ ಕೈ ಏನು ಕೇಳಿತೋ ನನಗೆ ಇಂದಿಗೂ ಗೊತ್ತಿಲ್ಲ. ಇಂಥ ಅನ್ಯಾಯ ಇನ್ನೊಂದು ಪುಸ್ತಕಕ್ಕೆ ಆಗಬಾರದೆಂದು ನಾನು ಸೊರಬ, ಜಡೆಗಳ ಹಳೆಯ ಮನೆಗಳ ಬಾಗಿಲು ಬಡಿಯತೊಡಗಿದೆ. ಇಲಿ ತಿಂದದ್ದು, ಹೊಗೆ ಕುಡಿದದ್ದು, ರಟ್ಟು ಕಳೆದುಕೊಂಡದ್ದು ಎಲ್ಲವೂ ನನ್ನ ಮರದ ಪೆಟ್ಟಿಗೆಗೆ ಬಂದು ಸೇರಿದವು.

ಅವುಗಳ ಜೊತೆಗೆ ಕೆಟ್ಟ ಹೆಸರೂ ಬಂತು. ಧೋತ್ರ ಕೊಳ್ಳಲು ಬಂದವರು ಧೋತ್ರ ಕೊಳ್ಳದೆ, ಗಲ್ಲಾದ ಹತ್ತಿರ ಬಾಗಿ, ಎಮ್ಮೆ ಹಾಲು ಬತ್ತಿಸಿದೆ, ಒಂದು ತಾಯಿತ ಕಟ್ಟಿಕೊಡಿ ಎಂದು ಪಿಸುಗುಟ್ಟುವರು. ದನದ ಆಸ್ಪತ್ರೆಗೆ ಹೋಗಿ ಎಂದರೆ, ದೊಡ್ಡ ಮಂತ್ರವಾದಿಗಳು ಸುಲಭಕ್ಕೆ ಒಪ್ಪುವುದಿಲ್ಲ ಎಂದು ತಮ್ಮೊಳಗೇ ಮಾತಾಡಿಕೊಂಡು ಹೋಗುವರು. ರಟ್ಟು ಕಟ್ಟುವ ಖಾದರ್ ಸಾಹೇಬರು ನನ್ನ ಹಳೆಯ ಸ್ನೇಹಿತರು. ಅವರೂ ಸಹ ನಾನು ಎದುರಿಗೆ ಕುಳಿತಿರುವಷ್ಟು ಹೊತ್ತು ಮಾತ್ರ ನನ್ನ ಪುಸ್ತಕ ಹೊಲಿಯುವರು. ನಾನು ಏಳುತ್ತಲೇ ಅರ್ಧ ಹೊಲಿದದ್ದನ್ನು ನನ್ನ ಕೈಗೇ ಕೊಡುವರು. ನೀವೂ ಹೀಗೆಯೇ ಎಂದು ನಾನು ಒಮ್ಮೆ ರೇಗಿದಾಗ ಅವರು ಶಾಂತವಾಗಿ ಹೇಳಿದರು: "ನನಗೂ ನಂಬಿಕೆ ಇಲ್ಲ ಸಾವ್ಕಾರ್ರೆ. ಆದ್ರೆ ಓಡೋಕೆ ನನ್ನ ಅಂಗಡಿಗೆ ಇರೋದು ಒಂದೇ ಬಾಗಿಲು."

ಇಷ್ಟಾದರೂ ಸಹಿಸಿದೆ. ಆದರೆ ಹೊಸ ಪೈಸೆ ಬಂದ ವರ್ಷ ನನ್ನ ತಂಗಿ ನೀಲಾಳಿಗೆ ಜಡೆಯಿಂದ ಬಂದಿದ್ದ ಸಂಬಂಧ ಮುರಿದುಬಿತ್ತು. ಹುಡುಗಿ ಒಪ್ಪಿಗೆಯಂತೆ, ಮನೆತನವೂ ಒಪ್ಪಿಗೆಯಂತೆ, ಅಣ್ಣನ ಪೆಟ್ಟಿಗೆ ಮಾತ್ರ ಒಪ್ಪಿಗೆಯಿಲ್ಲವಂತೆ. ಅವ್ವ ನನ್ನೊಡನೆ ಮಾತು ಬಿಟ್ಟಳು. ನನಗೆ ಹೇಳಬೇಕಾದದ್ದನ್ನೆಲ್ಲ ನಾನು ಎದುರಿಗೇ ಇರುವಾಗ ನನ್ನ ಹೆಂಡತಿಗೆ ಹೇಳತೊಡಗಿದಳು. ಆ ಪೀಡೆಗಳನ್ನು ಅಂಬ್ಲಿಗೊಳದ ನೀರಿಗೆ ಹಾಕಿ ಬರಲು ನಿನ್ನ ಗಂಡನಿಗೆ ಹೇಳು ಎನ್ನುವಳು. ನನ್ನ ಹೆಂಡತಿಯೂ ಅದನ್ನು ಹೊಸ ಸಮಾಚಾರವೆಂಬಂತೆ ನನಗೆ ತಿರುಗಿಸಿ ಹೇಳುವಳು. ನನಗಾದರೋ ಮೈಯೆಲ್ಲ ಉರಿಯುತ್ತಿತ್ತು. ಕಳ್ಳಸಾಗಣೆ ಮಾಡುವವನ ತಂಗಿಗೆ ಗಂಡು ಸಿಗುತ್ತದೆ, ಇಸ್ಪೀಟಾಡುವವನ ತಂಗಿಗೆ ಸಿಗುತ್ತದೆ, ಓದುವವನ ತಂಗಿಗೆ ಸಿಗಬಾರದೇ?

ಕೆಲವು ತಿಂಗಳ ಮೇಲೆ ನಮ್ಮ ಸೋದರಮಾವ ಆನವಟ್ಟಿಯ ಅಕ್ಕಿ ಗಿರಣಿಯವರನ್ನು ಕರೆತಂದ. ಹುಡುಗ ಒಳ್ಳೆಯವನು, ಮಾತು ಕಡಿಮೆ. ಅವನ ಪಾಲಿನ ಮಾತನ್ನೂ ಅವನ ತಾಯಿ ಪಾರ್ವತಮ್ಮನವರೇ ಆಡುತ್ತಿದ್ದರು. ಅವರ ಬಾಯಿಗೆ ಹೆದರಿ ಹಿರಿಯ ಸೊಸೆ ವರ್ಷದಲ್ಲಿ ಬಹಳ ಕಾಲ ತವರಿನಲ್ಲೇ ಇರುತ್ತಾಳೆಂದು ನಾವು ಕೇಳಿದ್ದೆವು. ಅವ್ವ ಪೆಟ್ಟಿಗೆಯ ಮೇಲೆ ಜಮಖಾನ ಹೊದಿಸಿ, ಅದರ ಮೇಲೆ ಹಾಸಿಗೆ ಸುತ್ತಿಟ್ಟು, ಸಾಲದೆಂದು ಅದರ ಮೇಲೆ ನನ್ನ ಹೆಂಡತಿಯನ್ನೂ ಕೂರಿಸಿದ್ದಳು. ಮಂಡಕ್ಕಿ ತಿಂದು ಕೈ ಒರೆಸಿಕೊಂಡು ಪಾರ್ವತಮ್ಮನವರು ನೇರವಾಗಿಯೇ ಕೇಳಿದರು:

"ನಿಮ್ಮನೇಲಿ ಮಾಟದ ಪುಸ್ತಕ ಅದಾವಂತಲ್ರೀ, ಖರೇನಾ?"

ಅವ್ವ ಇಲ್ಲ ಎನ್ನುವಷ್ಟರಲ್ಲಿ ನನ್ನ ಸಹನೆಯ ಕಟ್ಟೆಯೊಡೆಯಿತು. ಹೆಂಡತಿಯನ್ನು ಎಬ್ಬಿಸಿ ಪೆಟ್ಟಿಗೆಯನ್ನು ನಡುಮನೆಗೆ ಎಳೆದು ತಂದೆ. ಇವು ಪುಸ್ತಕಗಳು ತಾಯಿ, ಬರೀ ಪುಸ್ತಕಗಳು, ಇದರ ಕಾಗದ ನೋಡಿ, ಅಕ್ಷರ ನೋಡಿ, ಇದರಲ್ಲಿ ಬರೆದದ್ದನ್ನು ನಾನು ಒಂದಿಷ್ಟೂ ನಂಬುವುದಿಲ್ಲ ಎಂದು ಉಪನ್ಯಾಸ ಮಾಡುತ್ತಾ ಒಂದನ್ನು ಬಿಡಿಸಿ ತೋರಿಸಿದೆ. ದುರದೃಷ್ಟಕ್ಕೆ ಅದು ಯಂತ್ರದ ಪುಟ. ಮೂಲೆಮೂಲೆಗೆ ತ್ರಿಶೂಲ, ನಡುವೆ ನಾಲಿಗೆ ಚಾಚಿದ ಒಂದು ಮುಖ. ಬೀಗರಾಗಬೇಕಾದವರೆಲ್ಲ ಗೋಡೆಯವರೆಗೆ ಸರಿದರು. ಅಷ್ಟು ಹೊತ್ತೂ ತಲೆ ತಗ್ಗಿಸಿ ಕುಳಿತಿದ್ದ ನೀಲಾ ಮೆಲ್ಲಗೆ ಹೇಳಿದಳು:

"ನಮ್ಮಣ್ಣ ಅವನ್ನ ಸುಮ್ನೆ ಓದ್ತಾನೆ ಅಷ್ಟೇರಿ. ಯಾರಿಗೂ ಏನೂ ಮಾಡಲ್ಲ. ಮನೆಯೋರನ್ನ ಯಾರಾದ್ರೂ ನೋಯಿಸಿದ್ರೆ ಮಾತ್ರ..."

ಮಾತನ್ನು ಅಲ್ಲಿಗೇ ಬಿಟ್ಟು ಮತ್ತೆ ತಲೆ ತಗ್ಗಿಸಿದಳು.

ಬಂದವರು ಬೇಗನೆ ಎದ್ದುಹೋದರು. ಈ ಸಂಬಂಧವೂ ಮುಗಿಯಿತೆಂದು ಅವ್ವ ಕಂಬಕ್ಕೊರಗಿ ಅತ್ತಳು. ನಾನು ಪೆಟ್ಟಿಗೆಗೆ ಹಗ್ಗ ಬಿಗಿದು, ಯಾರಿಗೆ ಕೊಟ್ಟುಬಿಡಲಿ ಎಂದು ಯೋಚಿಸುತ್ತಾ ಕುಳಿತೆ. ಅಷ್ಟರಲ್ಲಿ ಅವರನ್ನು ಬಿಟ್ಟುಬರಲು ಆನವಟ್ಟಿಗೆ ಹೋಗಿದ್ದ ಮಾವ ನಗುತ್ತಾ ಬಂದ. ಪಾರ್ವತಮ್ಮನವರು ಒಪ್ಪಿದ್ದಾರೆ. ಅಂಥವರನ್ನು ಎದುರು ಹಾಕಿಕೊಳ್ಳುವುದಕ್ಕಿಂತ ನೆಂಟರಾಗಿ ಇಟ್ಟುಕೊಳ್ಳುವುದೇ ವಾಸಿ ಎಂದರಂತೆ.

ನನಗೆ ಆದ ಅವಮಾನ ಅಷ್ಟಿಷ್ಟಲ್ಲ. ನಾನು ಮಂತ್ರವಾದಿಯಲ್ಲವೆಂದು ಬರೆದುಕೊಟ್ಟೇ ಮದುವೆ ಮಾಡುವುದು ಎಂದು ಹಟ ಹಿಡಿದೆ. ನೀಲಾ ನನ್ನನ್ನು ಹಿತ್ತಲಿಗೆ ಕರೆದಳು.

"ಅಣ್ಣಾ, ಆ ಮನೇಲಿ ಬಾಳೋಳು ನಾನು. ನಿನ್ನ ಸತ್ಯ ನೀನು ಇಟ್ಕೊ. ನನಗೆ ಅಲ್ಲಿ ಎರಡು ಹೊತ್ತು ನೆಮ್ಮದಿಯಿಂದ ಉಣ್ಣಾಕೆ ಆದ್ರೆ ಸಾಕು."

ಅವಳ ಕಣ್ಣಲ್ಲಿ ನೀರಿತ್ತು. ಅವಳು ನನಗಿಂತ ಹತ್ತು ವರ್ಷ ಚಿಕ್ಕವಳು. ಅಪ್ಪ ಹೋದ ಮೇಲೆ ನಾನೇ ಎತ್ತಿ ಆಡಿಸಿದ ಮಗು. ನಾನು ಹಟ ಬಿಟ್ಟೆ. ಮದುವೆಯಾಯಿತು. ಊಟಕ್ಕೆ ಕುಳಿತಾಗ ಬೀಗರು ನನ್ನ ಎಲೆಯನ್ನು ಉಳಿದವರಿಂದ ಒಂದು ಮಾರು ದೂರ ಹಾಕಿಸಿದ್ದರು, ಗೌರವಕ್ಕಂತೆ. ಅದನ್ನೂ ನುಂಗಿಕೊಂಡೆ.

ಆಮೇಲೆ ಒಂದು ಸಲ ಹಳೆಯ ಪುಸ್ತಕ ಹುಡುಕಿಕೊಂಡು ಜಡೆಗೆ ಹೋದವನು ಹಿಂತಿರುಗುವಾಗ ಆನವಟ್ಟಿಯಲ್ಲಿ ಬಸ್ಸಿಳಿದೆ. ಈ ಬಾರಿ ಪಾರ್ವತಮ್ಮನವರಿಗೆ ನಿಜ ಹೇಳಿಯೇ ಬರುವುದೆಂದು ನಿಶ್ಚಯಿಸಿದ್ದೆ. ಜಗಲಿಯ ಮೇಲೆ ಕುಳಿತು ಕಾಫಿ ಕುಡಿಯುತ್ತಿರುವಾಗ ಒಳಗೆ ಅವರ ದನಿ ಏರಿತು. ಹಾಲು ಉಕ್ಕಿಸಿದ್ದಕ್ಕೆ ನೀಲಾಳ ಮೇಲೆ, ತವರಿನಿಂದ ತಡವಾಗಿ ಬಂದದ್ದಕ್ಕೆ ಹಿರಿಯ ಸೊಸೆಯ ಮೇಲೆ. ಬೀಗರ ಮನೆಯಲ್ಲಿ ಏನು ಹೇಳಲಿಕ್ಕಾಗುತ್ತದೆ? ಸಿಟ್ಟು ತಡೆಯಲು ಚೀಲದಲ್ಲಿದ್ದ ಪುಸ್ತಕ ತೆಗೆದು, ಸಿಕ್ಕ ಪುಟ ಬಿಡಿಸಿ, ತುಟಿಯಲ್ಲೇ ಓದತೊಡಗಿದೆ. ಬಾಗಿಲಿಗೆ ಬಂದ ಪಾರ್ವತಮ್ಮನವರು ನನ್ನ ತುಟಿ ನೋಡಿದರು. ಒಳಗೆ ಹೋಗಿ, ಹಾಲು ಅಂದ ಮೇಲೆ ಉಕ್ಕದೇ ಇರುತ್ತದೆಯೇ ಎಂದು ಸೊಸೆಯಂದಿರಿಗೆ ಸಮಾಧಾನ ಹೇಳಿದರು. ನಾನು ಓದುತ್ತಿದ್ದದ್ದು ಪುಸ್ತಕದ ಕೊನೆಗೆ ಹಾಕಿದ್ದ ಅಚ್ಚಿನ ತಪ್ಪುಗಳ ಪಟ್ಟಿ.

ಹೊರಡುವಾಗ ನೀಲಾಳ ವಾರಗಿತ್ತಿ, ಅಂದರೆ ಆ ಹಿರಿಯ ಸೊಸೆ, ಬಾಗಿಲ ಮರೆಯಿಂದ ಮೆಲ್ಲಗೆ ಕೇಳಿದಳು: "ಅಣ್ಣಾರೆ, ಮುಂದಿನ ಸಲ ಬರೋವಾಗ ಇದಕ್ಕಿಂತ ದಪ್ಪಂದು ತರ್ತೀರಾ?"

ವಿದ್ಯಾವಂತನೆನಿಸಿಕೊಂಡ ನನ್ನಂಥವನಿಗೆ ಇಂಥ ಮಾತೇ! ಬಸ್ಸಿನಲ್ಲಿ ಕುಳಿತು ಊರು ಮುಟ್ಟುವವರೆಗೂ ಕುದಿದೆ. ಮುಂದಿನ ಸಲ ದಪ್ಪನೆಯದನ್ನೇ ಒಯ್ದೆ.