ಬೈಕಿನ ಜ್ವರಕ್ಕೆ ಎಳನೀರು

ರೈಲು ನಿಲ್ಲಿಸಿದವನು ನಾನು! ಬಾಣಾವರ ಸ್ಟೇಷನ್ನಿನಲ್ಲಿ ಹಳಿಯ ಮೇಲೆ ಅಂಗಾತ ಮಲಗಿ, ಬೊಬ್ಬೆ ಹೊಡೆಯುತ್ತಾ ಬಂದ ಎಂಜಿನ್ನನ್ನು ನನ್ನ ಹೊಟ್ಟೆಯ ಮುಂದೆಯೇ ತಡೆದವನು. ಪಂಪ್‌ಸೆಟ್ಟುಗಳ ಮೀಟರ್ ಕಿತ್ತು ಕರೆಂಟ್ ಆಫೀಸಿನ ಬಾಗಿಲಿಗೆ ರಾಶಿ ಹಾಕಿದವನು. ಇಂಥವನ ಅಂಗಳದಲ್ಲಿ ದಿನಾ ಬೆಳಿಗ್ಗೆ ಯಾರಪ್ಪನ ಅಪ್ಪಣೆಯೂ ಇಲ್ಲದೆ ಒಂದು ಹಸಿರು ಹನಿ ಬೀಳುತ್ತದೆ ಎಂದರೆ! ರೈಲು ನಿಲ್ಲಿಸಿದವನು ಒಂದು ಹನಿ ನಿಲ್ಲಿಸಲಾರನೆ? ಶುಕ್ರವಾರ ಮಧ್ಯಾಹ್ನ ಮುದ್ದೆ ಉಂಡೆದ್ದವನೇ ತೀರ್ಮಾನಿಸಿಬಿಟ್ಟೆ: ಇವತ್ತೇ ಇದರ ಹುಟ್ಟಡಗಿಸುತ್ತೇನೆ.

ಹನಿ ಬೀಳುತ್ತಿದ್ದುದು ನನ್ನ ಮಗಳು ಹೇಮಾಶ್ರೀಯ ಬೈಕಿನಿಂದ. ಅವಳೇ ದುಡಿದು ಕೊಂಡದ್ದು. ಎಂಜಿನ್ನಿನ ಕಾವು ಇಳಿಸಲು ಒಳಗೇ ನೀರು ಸುತ್ತುವ ಜಾತಿಯ ಗಾಡಿ. ಆ ಹಸಿರು ನೀರಿಗೆ ಕೂಲೆಂಟ್ ಎಂದು ಹೆಸರು, ಅದು ತಣ್ಣಗಾಗುವ ಮುಂದಿನ ಜಾಲರಿಗೆ ರೇಡಿಯೇಟರ್. ಆ ಜಾಲರಿಗೆ ರಬ್ಬರ್ ಪೈಪು ಸೇರುವ ಕಡೆ ಚೂರು ಜಿನುಗುತ್ತಿತ್ತು.

"ಪೈಪು ಹಿಡ್ಕೊಂಡಿರೋ ಕ್ಲಾಂಪ್ ಲೂಸ್ ಆಗೈತೆ ಅಷ್ಟೇ ಅಪ್ಪಾ. ಸೋಮವಾರ ಸರ್ವಿಸ್‌ಗೆ ಬಿಡ್ತೀನಿ, ಹಳೇ ಕೂಲೆಂಟ್ ಇಳಿಸಿ, ಒಳಗೆಲ್ಲಾ ತೊಳ್ದು, ಹೊಸದು ಹಾಕ್ತಾರೆ. ನೀನು ಮಾತ್ರ ಮುಟ್ಬೇಡ" ಎಂದು ಅವಳು ಹೇಳಿದ್ದಳು.

ಮುಟ್ಟಬೇಡ ಎಂದವರ ಮಾತನ್ನು ಕೇಳಿದ್ದರೆ ನಾನು ರೈತ ಚಳವಳಿಗೆ ಯಾಕೆ ಹೋಗುತ್ತಿದ್ದೆ?

ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಹಳೇಬೀಡಿನಲ್ಲಿ ಅವಳಿಗೆ ಸಂದರ್ಶನವಿತ್ತು. ಗೆದ್ದರೆ ದೇವಸ್ಥಾನದಲ್ಲಿ ಗೈಡ್ ಲೈಸೆನ್ಸು. ಅದಕ್ಕಾಗಿ ಅವಳು ಓದಿದ್ದೇನು, ಒದರಿದ್ದೇನು! ತೋಟದ ತೆಂಗಿನ ಮರಗಳನ್ನೇ ಪ್ರವಾಸಿಗರೆಂದು ನಿಲ್ಲಿಸಿಕೊಂಡು "ಇತ್ತ ಬನ್ನಿ, ಈ ಭಿತ್ತಿ ನೋಡಿ" ಎನ್ನುತ್ತಿದ್ದಳು. ನಮ್ಮ ಎಮ್ಮೆಗೂ ಹೊಯ್ಸಳರ ವಂಶಾವಳಿ ಬಾಯಿಪಾಠವಾಗಿತ್ತು. ಬೆಳಗಿನ ಬಸ್ಸು ನಂಬಿದರೆ ತಲುಪುವಾಗ ಹತ್ತು ದಾಟುತ್ತದೆ. ಹಾಗಾಗಿ ಬೈಕೇ ಗತಿ. ಶುಕ್ರವಾರ ಮಾತ್ರ ಗಾಡಿಗೆ ರಜೆ ಕೊಟ್ಟು, ಬಸ್ತಿಹಳ್ಳಿಯ ಬಸದಿಯ ಕಂಬಗಳನ್ನು ಕೊನೆಯದಾಗಿ ಒಮ್ಮೆ ನೋಡಿ ಬರುತ್ತೇನೆಂದು ಬಸ್ಸಿನಲ್ಲಿ ಹೋಗಿದ್ದಳು. ಅವಳು ಬರುವುದರೊಳಗೆ ಗಾಡಿ ಸರಿಮಾಡಿ, "ನಮ್ಮಪ್ಪ ಅಂದ್ರೆ ನಮ್ಮಪ್ಪ!" ಎನ್ನಿಸಿಕೊಳ್ಳುವ ಆಸೆ ನನಗೆ.

ಸ್ಪ್ಯಾನರ್ ಹಾಕಿ ಅಡಿಯ ಬೋಲ್ಟ್ ತಿರುವಿದೆ. ಹಸಿರು ನೀರು ಬುಳಬುಳನೆ ಅಂಗಳಕ್ಕೆ ಹರಿಯಿತು.

ನನ್ನ ಹೆಂಡತಿ ಸಾವಿತ್ರಮ್ಮ ಪೊರಕೆ ಹಿಡಿದೇ ಓಡಿಬಂದಳು. "ಅಯ್ಯೋ, ಅದು ವಿಷ ಅಂತ ಮಗಳು ಹೇಳಿರ್ಲಿಲ್ವೇನ್ರೀ? ಕೋಳಿ ಕುಡುದ್ರೆ ಗತಿ?"

"ಕೋಳಿಗಳನ್ನ ಕೂಡು! ಇಲ್ಲಿ ಕ್ರಾಂತಿ ನಡೀತಾ ಐತೆ."

"ನಿಮ್ಮ ಕ್ರಾಂತಿ ಕಸ ಗುಡ್ಸೋಳು ನಾನೇ ಅಲ್ವಾ!"

ಬೋರ್‌ವೆಲ್ಲಿನ ಪೈಪು ತಂದು ರೇಡಿಯೇಟರಿನ ಬಾಯಿಗಿಟ್ಟು ಬಿಟ್ಟೆ. ಒಳಗಿದ್ದ ಕೊಳೆಯೆಲ್ಲ ತೊಳೆದುಹೋಯಿತು. ಜೊತೆಗೆ, ಬೋಲ್ಟಿಗಿದ್ದ ತಾಮ್ರದ ವಾಷರೂ ಹರಿದು ತೆಂಗಿನ ಪಾತಿ ಸೇರಿತು. ಕೆಸರಿನಲ್ಲಿ ಕೈಯಾಡಿಸಿದೆ. ಎರೆಹುಳು ಸಿಕ್ಕವು, ವಾಷರ್ ಸಿಗಲಿಲ್ಲ. ಅದಕ್ಕೇನಂತೆ? ಮೆಟ್ಟಿಲ ಬಳಿ ಸಾವಿತ್ರಮ್ಮನ ಹವಾಯಿ ಚಪ್ಪಲಿ ಇತ್ತು. ಹಿಮ್ಮಡಿಯ ಕಡೆಯಿಂದ ದುಂಡಗೆ ಕತ್ತರಿಸಿ ನಡುವೆ ತೂತು ಮಾಡಿದೆ. ಎಂಥ ವಾಷರ್! ಜಿನುಗುವ ಪೈಪಿಗೆ ಸೈಕಲ್ ಟ್ಯೂಬ್ ಸೀಳಿ, ಎಳೆದೆಳೆದು ಸುತ್ತಿ ಗಂಟು ಬಿಗಿದೆ. ನಮ್ಮ ತಾಲ್ಲೂಕಿನ ಅರ್ಧ ಪಂಪ್‌ಸೆಟ್ಟುಗಳು ಬದುಕಿರುವುದೇ ಈ ಗಂಟಿನ ಮೇಲೆ.

ಅಷ್ಟರಲ್ಲಿ ಚಳವಳಿಯ ಕಾಲದ ಗೆಳೆಯ ತಮ್ಮಯ್ಯ ಬಂದ. ಹಿಂದೆ ಕೊಬ್ಬರಿ ಲಾರಿ ಓಡಿಸಿದವನು. ಕುಕ್ಕರಗಾಲಿನಲ್ಲಿ ಕೂತು ನೋಡಿ, "ಏನ್ಲಾ, ಅರಿಶಿನ ಹಾಕ್ಲಿಲ್ವಾ? ಲಾರಿ ರೇಡಿಯೇಟರ್ ಸೋರಿದ್ರೆ ನಾವು ಅರಿಶಿನದ ಪುಡೀನೇ ಸುರೀತಿದ್ದಿದ್ದು. ಸಣ್ಣ ತೂತು ತಾನಾಗೇ ಕಟ್ಕೊಂಬುತ್ತೆ" ಎಂದ.

ಅಡುಗೆಮನೆಯ ಡಬ್ಬಿ ಖಾಲಿಯಾಯಿತು.

ಇನ್ನು ಒಳಗೆ ತುಂಬುವುದೇನು? ಕಂಪನಿಯವನ ಬಣ್ಣದ ನೀರಿಗೆ ನಾನು ದುಡ್ಡು ಸುರಿಯುವುದೆ? ಪ್ರಾಣ ಹೋದರೂ ಇಲ್ಲ! ಬೋರಿನ ನೀರು ಹಾಕೋಣವೆಂದರೆ ನಮ್ಮೂರಿನದು ಪಾತ್ರೆಯಲ್ಲೇ ಸುಣ್ಣ ಕಟ್ಟುವ ನೀರು. ಗಾಡಿಯ ಜೊತೆ ಬಂದಿದ್ದ ಪುಸ್ತಕದಲ್ಲೂ ಶುದ್ಧ ನೀರೇ ಆಗಬೇಕೆಂದಿತ್ತು. ಶುದ್ಧ! ನಾನು ತಲೆಯೆತ್ತಿ ನೋಡಿದೆ. ನೆಲ ಮುಟ್ಟದ, ಗಾಳಿ ಸೋಕದ, ಯಾವ ಕಂಪನಿಯ ಮೊಹರೂ ಇಲ್ಲದ ನೀರು ಗೊನೆಗೊನೆಯಾಗಿ ತೂಗುತ್ತಿತ್ತು.

"ರೇಡಿಯೇಟರಿಗೆ ಎಳನೀರಾ?" ಸಾವಿತ್ರಮ್ಮ ಬಾಯಿ ಮೇಲೆ ಸೆರಗಿಟ್ಟುಕೊಂಡಳು. "ಗಾಡಿಗೇನ್ ಜ್ವರ ಬಂದೈತಾ?"

"ಜ್ವರ ಬರ್ದಂಗೆ ನೋಡ್ಕೊಳಾದೇ ಕೂಲೆಂಟ್ ಕಣೇ! ಮನುಷ್ಯನ ಕಾವು ಇಳಿಸೋದು ಗಾಡೀದು ಇಳಿಸಲ್ವಾ?"

"ಭಲೇ!" ಎಂದ ತಮ್ಮಯ್ಯ, ನಾನು ತುಂಬಿ ಉಳಿದ ಎಳನೀರನ್ನು ತಾನೇ ಎತ್ತಿ ಕುಡಿಯುತ್ತಾ.

ಗಾಡಿ ಸ್ಟಾರ್ಟ್ ಮಾಡಿದೆ. ಒಂದು ಹನಿಯೂ ಇಲ್ಲ! ಸಂಜೆ ಮಗಳು ಬಂದವಳು ನೆಲ ನೋಡಿದಳು, ಬಗ್ಗಿ ನೋಡಿದಳು, ನನ್ನ ಮುಖ ನೋಡಿದಳು.

"ಮುಟ್ಟಿದ್ಯಾ ಅಪ್ಪಾ?"

"ತೊಳ್ದು, ಬಿಗಿ ಮಾಡಿ, ಹೊಸದು ತುಂಬ್ಸಿದೀನಿ. ಅಂಗಡೀಲಿ ಸಿಗೋದಕ್ಕಿಂತ ಒಳ್ಳೇದು."

ಅವಳು ನಕ್ಕು, ನನ್ನ ಹೆಗಲಿಗೆ ತಲೆಯಿಟ್ಟು, "ನಾಳೆ ನಂಜೊತೆ ಬಾ ಅಪ್ಪಾ. ನೀನಿದ್ರೆ ಧೈರ್ಯ" ಎಂದಳು. ಸಾವಿತ್ರಮ್ಮ ಬಾಯಿ ತೆರೆದಳು. ನಾನು ಕಣ್ಣು ಬಿಟ್ಟೆ. ಅವಳು ಬಾಯಿ ಮುಚ್ಚಿದಳು. ಆ ಗಳಿಗೆಯಲ್ಲಿ ಅವಳನ್ನು ಮಾತಾಡಲು ಬಿಟ್ಟಿದ್ದರೆ! ಈಗ ಎಷ್ಟು ಹಲುಬಿದರೇನು?

ಬೆಳಿಗ್ಗೆ ನೋಡಿದರೆ, ಟೈರಿನಿಂದ ಎಂಜಿನ್ನಿನವರೆಗೆ ಇರುವೆಗಳ ಮೆರವಣಿಗೆ! ಅಂಥ ಶಿಸ್ತಿನ ಮೆರವಣಿಗೆಯನ್ನು ನಾನು ಒಂದು ದಿನವೂ ಮಾಡಿಸಿರಲಿಲ್ಲ. ಮಗಳು ನೋಡುವ ಮೊದಲೇ ಟವೆಲ್ಲಿನಿಂದ ಚದುರಿಸಿ, ಹಿಂದೆ ಹತ್ತಿ ಕೂತೆ. ಅವಳು ಬಿಳಿ ಚೂಡಿದಾರ ಇಸ್ತ್ರಿ ಮಾಡಿ ಹಾಕಿದ್ದಳು. ದಾರಿಯುದ್ದಕ್ಕೂ ಪಾಠ ಒಪ್ಪಿಸುತ್ತಲೇ ಇದ್ದಳು.

ಜಾವಗಲ್ ದಾಟಿತ್ತು. ಎಲ್ಲಿಂದಲೋ ಘಮ್ಮೆಂದು ಪಾಯಸದ ವಾಸನೆ.

"ಯಾರ ಮನೇಲೋ ಹಬ್ಬ" ಎಂದೆ.

"ಹೊಲದ ಮಧ್ಯೆ ಯಾರ ಮನೆ ಅಪ್ಪಾ? ಅಯ್ಯೋ, ಎಂಜಿನ್ ಕಾದಿರೋ ಕೆಂಪು ದೀಪ ಹತ್ಕೊಂತು!"

ಅವಳು ಬ್ರೇಕ್ ಹಾಕಿದಳು. ಅಡಿಯಲ್ಲಿ ಸಾವಿತ್ರಮ್ಮನ ಚಪ್ಪಲಿ ಮೆತ್ತಗಾಗಿ ಜಾರಿತು, ಮೇಲೆ ನನ್ನ ಪಂಪ್‌ಸೆಟ್ ಗಂಟು ಫಟ್ಟೆಂದು ಬಿಚ್ಚಿತು. ಹಳದಿ ಪಾಕ, ಕೊತಕೊತ ಕುದಿಯುವ ಹಳದಿ ಪಾಕ, ಕಾರಂಜಿಯಂತೆ ಚಿಮ್ಮಿತು! ಇಬ್ಬರೂ ಗಾಡಿಯಿಂದ ಹಾರಿದ್ದರಿಂದ ಮೈ ಸುಡಲಿಲ್ಲ. ಬಿಳಿ ಚೂಡಿದಾರದ ಅರ್ಧ ಮಾತ್ರ ಹಳದಿಯಾಯಿತು. ದನ ಹೊಡೆದುಕೊಂಡು ಹೋಗುತ್ತಿದ್ದ ಮುದುಕನೊಬ್ಬ ನಿಂತು, "ಏನಣ್ಣೋ, ಗಾಡಿಗೆ ಅರಿಶಿನದ ಶಾಸ್ತ್ರ ಇಟ್ಕಂಡಿದ್ದೀಯಾ? ಮದ್ವೆ ಯಾವತ್ತು?" ಎಂದು ಹಲ್ಲು ಕಿರಿದ.

ಮಗಳು ಬೆರಳಿಂದ ಒರೆಸಿ ಮೂಸಿದಳು. "ಏನಪ್ಪಾ ಹಾಕಿದ್ದು?"

"ಎಳನೀರು." ಸಾವಿರಾರು ಜನರ ಮುಂದೆ ಮೈಕಿಲ್ಲದೆ ಮಾತಾಡಿದ ಗಂಟಲು ಅದು. ಇಲಿಯಂತೆ ಕೀಚಲಿಟ್ಟಿತು.

ಅವಳು ಗಡಿಯಾರ ನೋಡಿಕೊಂಡಳು, ರಸ್ತೆ ನೋಡಿದಳು. ಬಹಳ ಹೊತ್ತಿನ ಮೇಲೆ ಒಂದು ಗೂಡ್ಸ್ ಆಟೋ ಬಂತು, ದೇವಸ್ಥಾನದ ಗೇಟಿನ ಮುಂದೆ ಮಾರಲು ಎಳನೀರು ಹೇರಿಕೊಂಡು! ಗಾಡಿಯನ್ನು ಅಲ್ಲೇ ಬಿಟ್ಟು ಗೊನೆಗಳ ಮೇಲೆ ಕೂತು ಹೊರಟೆವು. ಡ್ರೈವರ್ ಒಳ್ಳೆಯವನು. "ಸುಸ್ತಾಗಿದೀಯ, ಒಂದು ಕೆತ್ತಿ ಕೊಡ್ಲಾ ತಾಯೀ?" ಎಂದ. ಅವಳು ನನ್ನ ಕಡೆ ತಿರುಗದೆ, "ಬ್ಯಾಡಣ್ಣ, ನಮ್ಮ ಮನೇಲಿ ಬೈಕೇ ಕುಡ್ದು ಮಲಗೈತೆ" ಎಂದಳು.

ತಲುಪುವಾಗ ಸಂದರ್ಶನದವರು ಜೀಪು ಹತ್ತುತ್ತಿದ್ದರು. "ಹೆಸರು ಕರೆದು ಕರೆದು ಸಾಕಾಯ್ತಮ್ಮ. ಇನ್ನು ಮುಂದಿನ ವರ್ಷ ಬನ್ನಿ" ಎಂದರು ಹಿರಿಯ ಅಧಿಕಾರಿ.

ನನ್ನ ರಕ್ತ ಕುದಿಯಿತು. ನನಗೆ ಗೊತ್ತಿದ್ದ ವಿದ್ಯೆ ಒಂದೇ. ಜೀಪಿನ ಮುಂದೆ ಅಂಗಾತ ಮಲಗಿದೆ. "ನನ್ನ ಮಗಳಿಗೆ ನ್ಯಾಯ ಬೇಕು! ಅನ್ಯಾಯಕ್ಕೆ ಧಿಕ್ಕಾರ!"

ಹೇಮಾಶ್ರೀ ಬಗ್ಗಿ, ನನಗೆ ಮಾತ್ರ ಕೇಳುವಂತೆ, "ಅನ್ಯಾಯ ಮಾಡಿದ್ದು ಯಾರಪ್ಪಾ?" ಎಂದಳು.

ರೈಲಿನ ಮುಂದೆ ಏಳದವನು ನಾನಾಗಿಯೇ ಎದ್ದೆ. ಅವಳು ಅಧಿಕಾರಿಗೆ ಕೈಮುಗಿದು ಕ್ಷಮೆ ಕೇಳಿದಳು. ಜೀಪು ಹೋಯಿತು.

ಇಬ್ಬರೂ ಹುಲ್ಲಿನ ಮೇಲೆ ಕೂತೆವು. ಯಾವುದೋ ಊರಿನ ಹೆಂಗಸರ ಗುಂಪು ದೇವಸ್ಥಾನದ ಸುತ್ತ ನೋಡಿಕೊಂಡು ಬಂತು. ಅವಳ ಕೈಯಲ್ಲಿದ್ದ ಫೈಲು ನೋಡಿ ಗೈಡ್ ಎಂದುಕೊಂಡರೋ ಏನೋ, ಅವರಲ್ಲೊಬ್ಬಾಕೆ ಕೇಳಿದಳು: "ಏನವ್ವಾ, ಇಷ್ಟು ಚೆಂದದ ಗುಡಿ, ಮೇಲೆ ಗೋಪುರನೇ ಇಲ್ಲ! ಯಾಕೆ ಅರ್ಧಕ್ಕೇ ನಿಂತೋಯ್ತು?"

ಇದಕ್ಕೆ ಅವಳಲ್ಲಿ ನಾಲ್ಕು ಪುಟದ ಉತ್ತರವಿತ್ತು. ನನಗೇ ಬಾಯಿಪಾಠ. ಅವಳು ಎದ್ದು, ಹಳದಿಯಾಗಿದ್ದ ದುಪಟ್ಟಾ ಸರಿಮಾಡಿಕೊಂಡು, ಗುಡಿಯ ಕಡೆ ಕೈ ತೋರಿಸಿದಳು.

"ಪಂಡಿತರು ಏನೇನೋ ಹೇಳ್ತಾರಮ್ಮ. ನನಗನ್ಸೋದು, ಕೆಲಸ ಎಲ್ಲಾ ಮುಗೀತಾ ಬಂದಿತ್ತು. ಗೋಪುರ ಇಡೋ ಹಿಂದಿನ ದಿನ ಶಿಲ್ಪಿಯ ಅಪ್ಪ ಸಹಾಯಕ್ಕೆ ಬಂದ."