ಲಾರಿಯೊಳಗಿನ ಗರುಡ

ನಮ್ಮ ಲಾರಿಯ ವಿಷಯದಲ್ಲಿ ನನಗೆ ತಿಳಿಯದ್ದು ಏನೂ ಇಲ್ಲವೆಂದು ನಾನು ಬಹಳ ವರ್ಷ ನಂಬಿದ್ದೆ. ಎಸ್ಸೆಸ್ಸೆಲ್ಸಿ ಓದಿದ್ದೆ, ಇಂಗ್ಲಿಷಿನಲ್ಲಿ ಪಾಸಾಗಿದ್ದೆ, ಲಾರಿಗೆ ನಾನೇ ಮಾಲೀಕ, ನಾನೇ ಡ್ರೈವರ್. ಇನ್ನೇನು ಬೇಕು? ಈ ನಂಬಿಕೆ ಬಿದ್ದುಹೋದದ್ದು ಎಪ್ಪತ್ತರ ದಶಕದ ಕೊನೆಯಲ್ಲಿ, ನನ್ನ ನಾದಿನಿ ವಿಮಲಳ ಮದುವೆಯ ದಿನ.

ಈ ಕಥೆಯನ್ನು ಊರಿಗೆಲ್ಲ ಹೇಳಿ ನಗಿಸುತ್ತಿದ್ದವಳು ನನ್ನ ಹೆಂಡತಿ ಶಾಂತಾ. ಅವಳು ತೀರಿಕೊಂಡು ಒಂದು ವರ್ಷವಾಯಿತು. ಅವಳ ಹಾಗೆ ಹೇಳಲು ನನಗೆ ಬರುವುದಿಲ್ಲ. ಆದರೆ ತಪ್ಪು ಮಾಡಿದವನು ನಾನೇ ಆದ್ದರಿಂದ ವಿವರಗಳು ಸರಿಯಾಗಿ ಗೊತ್ತಿವೆ.

ಮದುವೆ ತೀರ್ಥಹಳ್ಳಿಯ ಛತ್ರದಲ್ಲಿ. ಹೆಣ್ಣಿನ ಕಡೆಯವರು ನಾವು, ರಿಪ್ಪನ್‌ಪೇಟೆಯವರು. "ಬಸ್ಸು ಎಂತಕ್ಕೆ? ನಮ್ಮ ಲಾರಿ ಇಲ್ವಾ? ಮದುಮಗಳನ್ನ ಮುಹೂರ್ತಕ್ಕೆ ಮುಟ್ಟಿಸೋ ಜವಾಬ್ದಾರಿ ನಮ್ಮದು" ಎಂದು ಶಾಂತಾ ತನ್ನ ಅಮ್ಮನಿಗೆ ಮಾತು ಕೊಟ್ಟಿದ್ದಳು. ಮಾತು ಕೊಟ್ಟ ಮರುವಾರವೇ ಲಾರಿ, ಕೊಡದಲ್ಲಿ ಕಲ್ಲು ಹಾಕಿ ಅಲ್ಲಾಡಿಸಿದ ಹಾಗೆ ಸದ್ದು ಮಾಡತೊಡಗಿತು.

ಅದು ಮಿಲಿಟರಿಯವರು ಹರಾಜು ಹಾಕಿದ ಹಳೇ ಲಾರಿ. ಮೆಕ್ಯಾನಿಕ್ ಬಾಬು ಸಾಬ್ರು ಬಿಚ್ಚಿ ನೋಡಿದರು. ಎಂಜಿನ್ನಿನ ಬೆನ್ನಿಗೆ ಫ್ಲೈವೀಲ್ ಎಂಬ ಭಾರದ ಕಬ್ಬಿಣದ ಚಕ್ರ ಇರುತ್ತದೆ. ಎಂಜಿನ್ ಎಳೆದಾಡದೆ ಒಂದೇ ಸಮ ತಿರುಗುವಂತೆ ಅದು ನೋಡಿಕೊಳ್ಳುತ್ತದೆ. ನಮ್ಮದರಲ್ಲಿ ಅದು ಎರಡು ತಟ್ಟೆಯದು, ನಡುವೆ ಸ್ಪ್ರಿಂಗು. ಸ್ಪ್ರಿಂಗೆಲ್ಲ ಪುಡಿಯಾಗಿತ್ತು.

"ಇದರ ಸಾಮಾನು ಈ ದೇಶದಲ್ಲಿ ಸಿಗಲ್ಲ ಗೌಡ್ರೆ" ಎಂದರು ಸಾಬ್ರು. "ಒಂದೇ ತುಂಡಿನ ಗಟ್ಟಿ ಫ್ಲೈವೀಲ್ ಹಾಕ್ಬಿಡಾಣ. ಶಿವಮೊಗ್ಗದ ಗುಜರಿಯಲ್ಲಿ ಹುಡುಕ್ತೀನಿ. ಎಂಟು ದಿನ ಕೊಡಿ."

ಎಂಟು ದಿನ ಕೊಟ್ಟಿದ್ದರೆ ಈ ಬರಹ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಗುಜರಿ ಸಾಮಾನಿನಲ್ಲಿ ಮದುಮಗಳನ್ನು ಕರೆದೊಯ್ಯುವುದೇ? ಇನ್ನೂ ಅಗ್ಗದಲ್ಲಿ ಹೊಸದನ್ನೇ ಮಾಡಿಸಬಹುದೆಂದು ನನಗೆ ಹೊಳೆಯಿತು. ಮರದ ಮಾದರಿ ಕೊಟ್ಟರೆ ಶಿವಮೊಗ್ಗದ ಎರಕದವರು ಹಾಗೆಯೇ ಎರಕ ಹೊಯ್ದು ಕೊಡುತ್ತಾರೆ. ಮರದ ಕೆಲಸಕ್ಕೆ ಸಾಗರದವರನ್ನು ಮೀರಿಸಿದವರುಂಟೆ?

ಸಾಗರದಲ್ಲಿ ನನಗೆ ಗುರುತಿದ್ದ ಗುಡಿಗಾರರು ಮಂಜಪ್ಪನವರು. ಗಂಧದ ಪೆಟ್ಟಿಗೆ, ದೇವರ ಮಂಟಪ ಕೆತ್ತುವವರು. ಹಳೇ ಫ್ಲೈವೀಲನ್ನು ಬಸ್ಸಿನಲ್ಲಿ ಹೊತ್ತೊಯ್ಯಲು ನಾಚಿಕೆಯಾಗಿ, ಕಾಗದದ ಮೇಲೆ ಅಳತೆ ಬರೆದುಕೊಂಡು ಹೋದೆ.

"ಇದಕ್ಕೆ ಎಂತ ಹೆಸರು?" ಎಂದರು ಅವರು.

"ಫ್ಲೈವೀಲ್."

"ಅಂದ್ರೆ?"

ಇಂಗ್ಲಿಷಿನಲ್ಲಿ ಪಾಸಾದವನು ನಾನು. "ಫ್ಲೈ ಅಂದ್ರೆ ಹಾರೋದು, ವೀಲ್ ಅಂದ್ರೆ ಚಕ್ರ. ಹಾರೋ ಚಕ್ರ" ಎಂದೆ.

ಅವರ ಮುಖದಲ್ಲಿ ಭಕ್ತಿ ಮೂಡಿತು. ಆಗಲೇ ನನಗೆ ಅನುಮಾನ ಬರಬೇಕಿತ್ತು. ಕಾಗದವನ್ನು ಅತ್ತಿತ್ತ ತಿರುಗಿಸಿ ಕೇಳಿದರು: "ಮೇಲೆ ಯಾವ ಕಡೆ?"

ಗುಂಡಗಿನ ಸಾಮಾನಿಗೆ ಮೇಲು ಕೆಳಗು ಎಲ್ಲಿಯದು? ಆದರೆ ಅಷ್ಟು ದೊಡ್ಡ ಕಲಾವಿದರು ಕೇಳುವಾಗ ಗೊತ್ತಿಲ್ಲ ಎನ್ನುವುದು ಹೇಗೆ? ಒಂದು ಕಡೆ ಬೆರಳಿಟ್ಟು, "ಈ ಕಡೆ" ಎಂದೆ. "ಚೆಂದ ಮಾಡಿ ಕೊಡಿ" ಎಂದೂ ಸೇರಿಸಿದೆ. ಅದು ಬಾಯಿಮಾತಿನ ಮರ್ಯಾದೆ. ಅವರು ಅದನ್ನೂ ಅಳತೆಯೆಂದೇ ತಿಳಿದರು.

ಮಾದರಿ ಗೋಣಿಚೀಲದಲ್ಲಿ ಸಾಗರದಿಂದ ನೇರವಾಗಿ ಶಿವಮೊಗ್ಗಕ್ಕೆ ಹೋಯಿತು. ಎರಕವಾಗಿ, ಲೇತಿಗೆ ಹೋಗಿ, ಮದುವೆಗೆ ಎರಡು ದಿನ ಇರುವಾಗ ಅದೇ ಗೋಣಿಚೀಲದಲ್ಲಿ ರಿಪ್ಪನ್‌ಪೇಟೆಗೆ ಬಂತು. ಬಾಬು ಸಾಬ್ರು ಚೀಲ ಬಿಚ್ಚಿದರು.

ಒಂದು ಮುಖ ಕನ್ನಡಿಯ ಹಾಗಿತ್ತು. ಇನ್ನೊಂದು ಮುಖದ ಅಂಚಿನಲ್ಲಿ ಬಳ್ಳಿ, ಬಳ್ಳಿಯ ತುದಿಯಲ್ಲಿ, "ಮೇಲಿನ" ಕಡೆ, ಎರಡೂ ರೆಕ್ಕೆ ಬಿಚ್ಚಿದ ಗರುಡ. ಚಕ್ರ ಹಾರಬೇಕಲ್ಲ, ಮಂಜಪ್ಪನವರು ಹಾರಿಸುವವನನ್ನೇ ಕೂರಿಸಿದ್ದರು.

"ಗೌಡ್ರೆ, ಇದನ್ನ ಎಂಜಿನ್ನಿಗೆ ಹಾಕೋದಾ, ಗುಡಿ ಕಟ್ಟಿಸೋದಾ?" ಎಂದರು ಸಾಬ್ರು.

"ಅರ ಹಾಕಿ ಉಜ್ಜಿ ತೆಗೀರಿ."

"ನಿಮ್ಮ ದೇವ್ರಿಗೆ ನಾನು ಅರ ಹಾಕಲ್ಲ. ನೀವೇ ಹಾಕಿ."

ಅರ ಕೈಗೆತ್ತಿಕೊಂಡೆ. ಊಟದ ಬುತ್ತಿ ತಂದಿದ್ದ ಶಾಂತಾ ತಡೆದಳು. "ಮದುವೆ ಮನೆ ನಮ್ಮದು. ಗರುಡನ ರೆಕ್ಕೆ ಕತ್ತರಿಸ್ತೀರಾ? ಹಾಗೇ ಹಾಕಿ. ಪುಣ್ಯಕ್ಕೆ ಹಾರಿದ್ರೂ ಹಾರಬಹುದು."

ಎರಡು ತಟ್ಟೆಯ ದಪ್ಪಕ್ಕೆ ಮಾಡಿದ್ದ ಜಾಗವಾದ್ದರಿಂದ ಗರುಡ ಒಳಗೆ ಆರಾಮಾಗಿ ಕೂತ. ಆದರೆ ಕಬ್ಬಿಣ ಆರಿದಾಗ ಕುಗ್ಗುತ್ತದೆ, ಮಾದರಿ ತುಸು ದೊಡ್ಡದಿರಬೇಕು ಎಂಬುದು ನನಗಾಗಲಿ ಮಂಜಪ್ಪನವರಿಗಾಗಲಿ ಗೊತ್ತಿರಲಿಲ್ಲ. ಸುತ್ತಲೂ ಬಿಗಿಯಾಗಿ ಕೂರಬೇಕಾದ ಹಲ್ಲಿನ ರಿಂಗು, ಅಮ್ಮನ ಬಳೆ ಮಗುವಿನ ಕೈಯಲ್ಲಿದ್ದ ಹಾಗೆ ಜಾರಿತು. ಆ ರಿಂಗಿಲ್ಲದೆ ಸೆಲ್ಫ್ ಹೊಡೆದು ಸ್ಟಾರ್ಟ್ ಮಾಡುವಂತಿಲ್ಲ.

"ಇಳಿಜಾರಲ್ಲಿ ನಿಲ್ಲಿಸಿ, ಇಲ್ಲಾ ತಳ್ಳಿಸಿ. ದಾರೀಲಿ ಮಾತ್ರ ಬಂದ್ ಮಾಡಬೇಡಿ" ಎಂದರು ಸಾಬ್ರು.

ಮದುವೆಯ ಬೆಳಿಗ್ಗೆ ಇಳಿಜಾರಿನಲ್ಲಿ ಲಾರಿ ಚಂದವಾಗಿ ಸ್ಟಾರ್ಟ್ ಆಯಿತು. ಹಿಂದೆ ನಲವತ್ತು ಜನ, ಮುಂದೆ ವಿಮಲ, ಶಾಂತಾ, ನಾನು. ನಿಧಾನವಾಗಿ ಹೋಗುವಾಗ ಏನೂ ತೊಂದರೆಯಿಲ್ಲ. ಸ್ವಲ್ಪ ವೇಗ ಕೊಟ್ಟೆ. ಒಂದೇ ಕಡೆ ಭಾರವಿದ್ದ ಗರುಡ ಪ್ರತಿ ಸುತ್ತಿಗೂ ಲಾರಿಯನ್ನು ಎತ್ತಿ ಎತ್ತಿ ಕುಕ್ಕತೊಡಗಿದ. ವಿಮಲ ಮುಡಿದ ಮಲ್ಲಿಗೆ ಒಂದೊಂದೇ ಅವಳ ಮಡಿಲಿಗೆ ಬಂತು. ಹಿಂದೆ ಎಲೆಗೆ ಸುಣ್ಣ ಹಚ್ಚಲು ಹೋದ ದೊಡ್ಡಪ್ಪ ಪಕ್ಕದವರ ಕೆನ್ನೆಗೆ ಹಚ್ಚಿದರು. ಲಾಡು ಹೊರಟಿತ್ತು, ಬೂಂದಿ ತಲುಪಿತು.

"ಭಾವ, ನಂಗೆ ಹಲ್ಲು ಉಳಿಯುತ್ತಾ?" ಎಂದಳು ವಿಮಲ.

ಕೋಣಂದೂರಿನಲ್ಲಿ ನೀರು ಕುಡಿಯಲು ಜನ ಇಳಿದರು. ಎಂಜಿನ್ ಬಂದ್ ಮಾಡಬಾರದೆಂದು ನನಗೆ ಚೆನ್ನಾಗಿ ನೆನಪಿತ್ತು. ಕೈಗೆ ನೆನಪಿರಲಿಲ್ಲ. ಬಂದ್ ಮಾಡಿಬಿಟ್ಟೆ.

ಮುಹೂರ್ತಕ್ಕೆ ಮುಕ್ಕಾಲು ಗಂಟೆ. ರೇಷ್ಮೆ ಪಂಚೆ, ರೇಷ್ಮೆ ಸೀರೆ ಎಲ್ಲ ಲಾರಿಯ ಹಿಂದೆ ನಿಂತವು. ಏರು ಜಾಗ. ಲಾರಿ ಅಲ್ಲಾಡಲಿಲ್ಲ. ವಿಮಲ ಸೆರಗು ಸಿಕ್ಕಿಸಿ ಇಳಿದಳು.

"ನೀನು ಮದುಮಗಳು, ಕೂತ್ಕೊ" ಎಂದೆ.

"ಕೂತ್ರೆ ಮದುಮಗಳಾಗೇ ಉಳೀತೀನಿ ಭಾವ."

ಅವಳೂ ಕೈ ಹಾಕಿದ ಮೇಲೆ ಸ್ಟಾರ್ಟ್ ಆಯಿತು. ನಿಲ್ಲಿಸಲು ಧೈರ್ಯವಿಲ್ಲದೆ ನಿಧಾನವಾಗಿ ಓಡಿಸಿದೆ, ಜನ ಓಡುತ್ತ ಹತ್ತಿದರು. ಅರ್ಧ ಮೈಲಿ ಹೋದ ಮೇಲೆ ಶಾಂತಾ ಶಾಂತವಾಗಿ ಕೇಳಿದಳು: "ಅಮ್ಮ ಎಲ್ಲಿ?"

ತಿರುಗಿಸಿಕೊಂಡು ಬಂದೆ. ಅತ್ತೆಯವರು ರಸ್ತೆಯ ಮಧ್ಯೆ ಕಳಶದ ತಂಬಿಗೆ ಹಿಡಿದು ನಿಂತಿದ್ದರು. ಅವರ ಸುತ್ತ ಮೂರು ಸುತ್ತು ಬಂದ ಮೇಲೆ ಹಿಂದಿನವರು ಅವರನ್ನು ಎತ್ತಿಕೊಂಡರು. "ನಂಗೆ ಪ್ರದಕ್ಷಿಣೆ ಹಾಕಿದ ಅಳಿಯ ಇವನೊಬ್ಬನೇ" ಎಂದು ಅವರು ಆಮೇಲೆ ಹೇಳುತ್ತಿದ್ದರು.

ಇನ್ನು ಕಾಯಲಾಗದೆಂದು ಪುರೋಹಿತರು ಎದ್ದು ನಿಲ್ಲುವ ಹೊತ್ತಿಗೆ ತಲುಪಿದೆವು. ಶಾಂತಾಳ ಮಾತು ಉಳಿಯಿತು. ಧಾರೆಯ ಹೊತ್ತಿನಲ್ಲಿ ವಿಮಲಳ ಅಂಗೈಯ ಗ್ರೀಸು ಗಂಡಿನ ಕೈಗೆ ಹತ್ತಿತು. ಎಷ್ಟು ನೀರು ಎರೆದರೂ ಹೋಗಲಿಲ್ಲ. ಬಹಳ ಗಟ್ಟಿ ಸಂಬಂಧವೆಂದು ಎರಡೂ ಕಡೆಯವರು ಒಪ್ಪಿದರು.

ಮರುವಾರ ಬಾಬು ಸಾಬ್ರು ಗುಜರಿಯಿಂದ ಫ್ಲೈವೀಲ್ ತಂದು ಹಾಕಿದರು. ನನ್ನ ಅಗ್ಗದ್ದಕ್ಕಿಂತ ಅದು ಅಗ್ಗವಾಗಿತ್ತು. ಗರುಡ ಮನೆಗೆ ಬಂದ. ಶಾಂತಾ ಅವನನ್ನು ಬಾಗಿಲ ಪಕ್ಕದ ಗೋಡೆಗೆ ಒರಗಿಸಿ ನಿಲ್ಲಿಸಿದಳು. ಪ್ರತಿ ಆಯುಧಪೂಜೆಗೆ ತೊಳೆದು ಕುಂಕುಮ ಇಡುತ್ತಿದ್ದಳು. ಬಂದವರು ಯಾವ ಕಾಲದ್ದೆಂದು ಕೇಳಿದರೆ, "ನಮ್ಮ ಮನೆಯವರ ಕಾಲದ್ದು" ಎನ್ನುತ್ತಿದ್ದಳು.

ಈ ಸಲದ ಆಯುಧಪೂಜೆಗೆ ನಾನೇ ತೊಳೆದೆ. ಕುಂಕುಮ ಇಟ್ಟು, ಗರುಡನನ್ನು ಮೇಲೆ ಮಾಡಿ ನಿಲ್ಲಿಸಿದೆ. ಕೈ ಬಿಟ್ಟೊಡನೆ ಚಕ್ರ ಮೆಲ್ಲಗೆ ಹೊರಳಿ ಅವನು ತಲೆಕೆಳಗಾದ. ಮತ್ತೆ ನಿಲ್ಲಿಸಿದೆ, ಮತ್ತೆ ತಲೆಕೆಳಗು. ಹಬ್ಬಕ್ಕೆ ಬಂದಿದ್ದ ವಿಮಲ ಜಗಲಿಯಿಂದ ನೋಡುತ್ತಿದ್ದಳು.

"ಭಾರ ಇರೋ ಕಡೆ ಕೆಳಗೆ ಬರುತ್ತೆ ಭಾವ. ಅಕ್ಕ ಬುಡಕ್ಕೆ ಎರಡು ಕಲ್ಲು ಒತ್ತು ಕೊಡ್ತಿದ್ಲು. ಇಷ್ಟು ವರ್ಷ ನೋಡೇ ಇಲ್ವಾ?"

ನೋಡಿರಲಿಲ್ಲ. ಅದು ತಾನಾಗಿಯೇ ನಿಂತಿದೆ ಎಂದುಕೊಂಡಿದ್ದೆ.

ಗೋಡೆಯ ಮೂಲೆಯಲ್ಲಿ ಆ ಎರಡು ಕಲ್ಲುಗಳು ಸಿಕ್ಕವು. ಬೆಣೆಯಂತೆ ಸವೆದ ಸಣ್ಣ ಕಲ್ಲುಗಳು. ಬುಡಕ್ಕೆ ಒತ್ತು ಕೊಟ್ಟೆ. ಗರುಡ ನಿಂತ. ಬಹಳ ಹೊತ್ತು ಅವನ ಎದುರು ಕೂತಿದ್ದೆ, ಮನಸ್ಸಿಗೆ ಹಿತವಾಗಿತ್ತು.

ಬೆಳಿಗ್ಗೆ ಎದ್ದು ನೋಡಿದರೆ ಮತ್ತೆ ತಲೆಕೆಳಗು. ಎರಡೂ ಕಲ್ಲನ್ನು ಒಂದೇ ಕಡೆಗೆ ಕೊಟ್ಟಿದ್ದೆ.